ಹೆಸರಿಲ್ಲದ ತಟ್ಟೆ

ಮೊನ್ನೆ ಯಲಹಂಕದ ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ತಟ್ಟೆ ಕೊಂಡೆ. ಹೆಸರು ಕೆತ್ತುವ ಯಂತ್ರ ಕೈಗೆತ್ತಿಕೊಂಡ ಅಂಗಡಿಯವರು ಏನು ಬರೆಯಲಿ ಎಂದು ಕೇಳಿದರು. ಪಕ್ಕದ ಗಿರಾಕಿಯ ಬಿಂದಿಗೆಯ ಮೇಲೆ ಅದು ಆಗಷ್ಟೇ ಗುರ್ರೆಂದು ಓಡಿತ್ತು. ಆ ಸದ್ದಿಗೆ ನನಗೆ ಹಳೆಯ ಬಾಡಿಗೆ ಮನೆಯ ತಟ್ಟೆಗಳು ನೆನಪಾದವು...

ಬ್ಯಾಟರಾಯನಪುರದಲ್ಲಿ ನಾನು ಮಹಡಿಯ ಮೇಲೆ ಬಾಡಿಗೆಗಿದ್ದೆ. ಕೆಳಗಿದ್ದ ಓನರ್ ಆಂಟಿಯ ಅಡುಗೆಮನೆಯಲ್ಲಿ ಪ್ರತಿ ತಟ್ಟೆಗೂ ಒಂದು ಹೆಸರಿತ್ತು. ತೀರಿಕೊಂಡ ಅಂಕಲ್‌ದು, ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳದು, ಅವರದು. ಒಂದಕ್ಕೆ ಮಾತ್ರ ಹೆಸರಿರಲಿಲ್ಲ. ಭಾನುವಾರ ಚರ್ಚಿನಿಂದ ಬಂದು ಅಡುಗೆ ಮುಗಿಸಿ, ಮೇಜಿನ ಮೇಲೆ ತಮ್ಮ ತಟ್ಟೆಯ ಎದುರಿಗೆ ಅದನ್ನೂ ಇಟ್ಟು, ಬೀದಿ ಬಾಗಿಲು ತೆರೆದು, ಆಮೇಲೆ ಪ್ರಾರ್ಥನೆ ಮಾಡುತ್ತಿದ್ದರು. ಕೊರಿಯರ್‌ನವರೋ, ಅಡ್ರೆಸ್ ಕೇಳಲು ನಿಂತವರೋ, ಯಾರಾದರೊಬ್ಬರು ಅದರಲ್ಲಿ ಉಂಡು ಹೋಗುತ್ತಿದ್ದರು. ಹೀಗೆ ಬಾಗಿಲು ತೆರೆದಿಟ್ಟರೆ ಕಳ್ಳರು ಬರುವುದಿಲ್ಲವೇ ಎಂದು ಒಮ್ಮೆ ರೇಗಿಸಿದ್ದೆ.

"ಯೇಸಪ್ಪ ಮೊದ್ಲೇ ಫೋನ್ ಮಾಡ್ಕೊಂಡು ಬರ್ತಾನೇನಮ್ಮ?" ಎಂದಿದ್ದರು.

ಒಂದು ಭಾನುವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಕೆಡತೊಡಗಿತು. ಸಮಯ ನನ್ನ ಫೋನಿನಲ್ಲೇ ಇದೆ. ಆ ವಾರವೆಲ್ಲ ಮಕ್ಕಳ ಕಳ್ಳರ ಸುದ್ದಿ ಫೋನಿಂದ ಫೋನಿಗೆ ಓಡಾಡುತ್ತಿತ್ತು. ನಾನು ಬಟ್ಟೆ ಒಣಹಾಕುತ್ತಿದ್ದೆ. ಕೆಳಗೆ, ಹೆಗಲಿಗೆ ಕಂಬಳಿ ಮೂಟೆ ಹಾಕಿಕೊಂಡ ಅಪರಿಚಿತನೊಬ್ಬ, ಅಳುತ್ತಿದ್ದ ಪುಟ್ಟ ಹುಡುಗಿಯನ್ನು ಎತ್ತಿಕೊಂಡು ನಡೆಯುತ್ತಿದ್ದ. ಫೋಟೋ ತೆಗೆದು, 'ಇವನು ಯಾರು? ಹುಷಾರು' ಎಂದು ಬೀದಿಯ ಗ್ರೂಪಿಗೆ ಹಾಕಿದೆ. ಅಷ್ಟೇ ನಾನು ಮಾಡಿದ್ದು.

ಹತ್ತು ನಿಮಿಷದಲ್ಲಿ ಮೂವತ್ತು ಜನ ಸೇರಿದ್ದರು. ಒಬ್ಬನ ಕೈಯಲ್ಲಿ ಕ್ರಿಕೆಟ್ ಸ್ಟಂಪ್. ಕಂಬಳಿಯವನ ತೋಳಲ್ಲಿ ಆಗ ಹುಡುಗಿ ಇರಲಿಲ್ಲ. ಮೂಟೆ ಬಿಸಾಡಿ ಓಡಿದ ಆ ಮನುಷ್ಯನಿಗೆ ಇಡೀ ಬೀದಿಯಲ್ಲಿ ತೆರೆದಿದ್ದದ್ದು ಒಂದೇ ಬಾಗಿಲು. ನಾನು ಮೆಟ್ಟಿಲಿಳಿದು ಆಂಟಿಯ ಮನೆಯೊಳಗೆ ಬರುವಷ್ಟರಲ್ಲಿ ಅವನು ಆ ತಟ್ಟೆಯ ಮುಂದೆ ಕೂತಿದ್ದ. ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ಆಂಟಿ ಅನ್ನ ಬಡಿಸುತ್ತಿದ್ದರು.

"ಆಂಟಿ, ಅವ್ನನ್ನ ಆಚೆ ಕಳ್ಸಿ," ಎಂದ ಸ್ಟಂಪಿನವನು, ಹೊಸ್ತಿಲ ಹೊರಗೆ ನಿಂತು.

"ಉಣ್ಣೋಕೆ ಕೂತವ್ರನ್ನ ಎಬ್ಬಿಸ್ತಾರೇನೋ? ನಿಮ್ಮಮ್ಮ ಹಂಗಾ ಹೇಳ್ಕೊಟ್ಟಿರೋದು?" ಆಂಟಿ ತಲೆ ಎತ್ತಲಿಲ್ಲ. "ನೀನೂ ಬಾ, ಉಣ್ಣು. ಚಪ್ಪಲಿ ಆಚೆ ಬಿಡು."

ಅವನು ತನ್ನ ಕಾಲು ನೋಡಿಕೊಂಡ. ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ. ಎಳ್ಕೊಂಡು ಬಾರೋ ಮಗಾ ಎಂದು ಹಿಂದಿನವರು ಕೂಗುತ್ತಿದ್ದರು. ಆದರೆ ಮೊದಲು ಹೊಸ್ತಿಲು ದಾಟುವುದಕ್ಕೆ ಯಾರೂ ಸಿದ್ಧರಿರಲಿಲ್ಲ. ಆಂಟಿ ಸೌಟನ್ನು ನನ್ನ ಕೈಗಿತ್ತರು.

"ಬಡ್ಸಮ್ಮ. ತಟ್ಟೆ ಖಾಲಿ ಆಗ್ಬಾರ್ದು."

ಎಡಗೈಯಲ್ಲಿ ಫೋನ್ ಹಿಡಿದು ಪೊಲೀಸರಿಗೆ ಅಡ್ರೆಸ್ ಹೇಳುತ್ತಾ ಬಲಗೈಯಲ್ಲಿ ಬಡಿಸಿದೆ. ಕೋಳಿ ಸಾರು, ಮತ್ತೆ ಅನ್ನ, ಆಮೇಲೆ ಮೊಸರು... ಅವನು ಅಗುಳು ಅಗುಳಾಗಿ ಉಣ್ಣುತ್ತಿದ್ದ. ಊಟ ಮುಗಿದರೆ ತನ್ನ ಕತೆಯೂ ಮುಗಿಯಿತು ಎಂಬುದು ಅವನಿಗೂ ಅರ್ಥವಾಗಿತ್ತು. ಕೊನೆಗೆ ಬಾಳೆಹಣ್ಣಿನ ಸಿಪ್ಪೆಯನ್ನು ನಾರು ನಾರಾಗಿ ಸುಲಿಯುತ್ತಿದ್ದಾಗ ಜೀಪು ಬಂತು. ಅದರ ಹಿಂದೆಯೇ ಹುಡುಗಿಯ ತಾಯಿ. ಮಗಳು ಚರಂಡಿ ಕಲ್ಲಿಗೆ ಎಡವಿ ಬಿದ್ದಿದ್ದಳು, ಅವನೇ ಎತ್ತಿಕೊಂಡು ಮನೆಗೆ ಬಿಟ್ಟುಹೋದ ಎಂದರು.

ಆಮೇಲೆ ಎಷ್ಟೋ ರಾತ್ರಿ ಕಣ್ಣು ಮುಚ್ಚಿದರೆ ಸ್ಟಂಪು ಕಾಣುತ್ತಿತ್ತು. ಆ ಬಾಗಿಲೂ ಮುಚ್ಚಿದ್ದಿದ್ದರೆ... ಅಷ್ಟಕ್ಕೇ ಎದ್ದು ಕೂರುತ್ತಿದ್ದೆ. ಮೂರನೇ ಭಾನುವಾರ ಕೆಳಗಿಳಿದು, ಫೋಟೋ ಹಾಕಿದ್ದು ನಾನೇ ಎಂದು ಹೇಳಿದೆ.

"ಗೊತ್ತು ಕಣಮ್ಮ, ನನ್ ಫೋನಿಗೂ ಬಂದಿತ್ತಲ್ಲ. ಅದಕ್ಕೇ ಸೌಟು ನಿನ್ ಕೈಗೆ ಕೊಟ್ಟಿದ್ದು."

ಹೆಸರಿಲ್ಲದ ತಟ್ಟೆಯನ್ನು ನನ್ನ ಮುಂದೆ ಸರಿಸಿ ಅನ್ನ ಬಡಿಸಿದರು.

ಆಂಟಿ ಹೋಗಿ ಎರಡು ವರ್ಷವಾಯಿತು. ಆ ಮನೆ ಇದ್ದಲ್ಲಿ ಈಗ ನಾಲ್ಕಂತಸ್ತು, ಬೀಗ ಹಾಕಿದ ಗೇಟು. ಹೆಸರಿದ್ದ ತಟ್ಟೆಗಳನ್ನು ಹೆಣ್ಣುಮಕ್ಕಳು ಒಯ್ದರಂತೆ. ಇನ್ನೊಂದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

ಅಂಗಡಿಯವರಿಗೆ ಹೆಸರು ಬೇಡ ಎಂದೆ.

"ಹೆಸರಿಲ್ದಿದ್ರೆ ಯಾರ್ದೋ ಮನೆ ಸೇರ್ಕೊಳ್ಳುತ್ತೆ ಮೇಡಂ," ಎಂದರು.

ಸೇರಿದರೆ ಸೇರಲಿ ಎಂದು ಹಾಗೆಯೇ ತಂದೆ. ಆಂಟಿಯ ಹೆಸರಿಲ್ಲದ ತಟ್ಟೆಯಲ್ಲಿ ಉಂಡ ಆ ಭಾನುವಾರ ರಾತ್ರಿಯೇ, ಫೋಟೋ ಹಾಕಿದ ಮೇಲೆ ಮೊದಲ ಸಲ, ನಾನು ಬೆಳಗಾಗುವವರೆಗೆ ನಿದ್ದೆ ಮಾಡಿದ್ದು.