ತೊಗರಿ ಕಟ್ಟಿಗೆಗೆ ಬೆಂಕಿ ಹಚ್ಚುವುದು ಬಿಟ್ಟ ಮೇಲೆ

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅಪ್ಪ, ಅವ್ವ ಒಬ್ಬರ ಹಿಂದೆ ಒಬ್ಬರು ಹೋದ ಮೇಲೆ ಮುಡಬಿ ರಸ್ತೆಯ ನಮ್ಮ ಹೊಲ ಅವಳ ಕೈಗೆ ಬಂತು. ತೊಗರಿ ಎಷ್ಟು ಸಾಲು, ಉದ್ದು ಎಷ್ಟು ಸಾಲು, ಯಾವ ದಿನ ಬಿತ್ತನೆ ಎಲ್ಲವನ್ನೂ ಅವಳೇ ಹೇಳುತ್ತಿದ್ದಳು. ನನಗೆ ಹೆಣ್ಣು ನೋಡಿ ಮದುವೆ ಮಾಡಿದವಳೂ ಅವಳೇ. ನಾನು ಸಣ್ಣ ಟ್ರ್ಯಾಕ್ಟರ್ ತಂದು ಮನೆಯ ಮುಂದೆ ನಿಲ್ಲಿಸಿದ ದಿನ ಅದರ ಸುತ್ತ ಒಂದು ಸುತ್ತು ಬಂದು, "ಇದು ಸಾಲಿನ ನಡು ಹಿಡಸ್ತದ ಏನ?" ಎಂದಷ್ಟೇ ಕೇಳಿದ್ದಳು. ಹಿಡಿಸುತ್ತದೆ ಎಂದು ನಾನು ಹೇಳಿದ ಮೇಲೆಯೇ ಕುಂಕುಮ ಹಚ್ಚಿದ್ದು.

ನಮ್ಮ ಕಡೆ ತೊಗರಿ ಬಡಿದಾದ ಮೇಲೆ ಕಟ್ಟಿಗೆ ಗುಡ್ಡೆಗುಡ್ಡೆಯಾಗಿ ಉಳಿಯುತ್ತದೆ. ಮೊದಲು ಅದೆಲ್ಲ ಒಲೆಗೆ ಹೋಗುತ್ತಿತ್ತು. ಮನೆಮನೆಗೆ ಗ್ಯಾಸ್ ಬಂದ ಮೇಲೆ ನೀರು ಕಾಯಿಸುವುದಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬದುವಿನ ಹತ್ತಿರ ಒಟ್ಟಿ ಸುಡುವುದು ರೂಢಿಯಾಯಿತು. ಎಲ್ಲರೂ ಸುಡುತ್ತಿದ್ದರು, ನಾವೂ ಸುಡುತ್ತಿದ್ದೆವು.

ಆ ವರ್ಷ ಶಿವರಾತ್ರಿ ಮುಗಿದು ಒಂದು ವಾರವಾಗಿತ್ತು. ಮಧ್ಯಾಹ್ನದ ಮೇಲೆ ನನಗೆ ಟ್ರ್ಯಾಕ್ಟರಿನ ಟೈರು ನೋಡಲು ಬಸವಕಲ್ಯಾಣಕ್ಕೆ ಹೋಗಬೇಕಿತ್ತು. ಹೋಗುವ ಮುಂಚೆ ಕಟ್ಟಿಗೆ ಸುಟ್ಟು ಮುಗಿಸೋಣ ಎಂದು ಕಡ್ಡಿಪೆಟ್ಟಿಗೆ ತೆಗೆದುಕೊಂಡೆ. ಅಕ್ಕ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದಳು.

"ತಮ್ಮಾ, ಗಾಳಿ ಬಿಟ್ಟದ. ಸಂಜಿಮುಂದ ಹಚ್ಚು," ಎಂದಳು.

"ಒಂದು ತಾಸಿನ ಕೆಲಸ ಅಕ್ಕಾ. ನಾ ಇಲ್ಲೇ ನಿಲ್ತೀನಿ," ಎಂದೆ.

ನಿಂತೇ ಇದ್ದೆ. ಆದರೆ ಗಾಳಿ ತಿರುಗಿದಾಗ ನಾನು ಗುಡ್ಡೆಯ ಆ ಬದಿಗಿದ್ದೆ. ಬದುವಿನ ಒಣಹುಲ್ಲು ಹಿಡಿದು ಬೆಂಕಿ ಬೇವಿನ ಮರದ ಕಡೆಗೆ ಓಡಿತು. ಮರಕ್ಕೆ ಎಮ್ಮೆಯ ಕರು ಕಟ್ಟಿತ್ತು. ಅಕ್ಕ ದೂರ ಹೋಗಬಹುದಿತ್ತು. ಹೋಗಲಿಲ್ಲ. ಕರು ಹೆದರಿ ಜಗ್ಗಾಡಿ ಹಗ್ಗದ ಗಂಟು ಬಿಗಿದುಕೊಂಡಿತ್ತು, ಅವಳು ಕೂತು ಅದನ್ನು ಬಿಚ್ಚುತ್ತಿದ್ದಳು. ನಾನು ಒದ್ದೆ ಚೀಲ ಹಿಡಿದು ಹೋಗುವಷ್ಟರಲ್ಲಿ ಕರು ಬಿಡುಗಡೆಯಾಗಿತ್ತು. ನೈಲಾನ್ ಹಗ್ಗ ಕರಗಿ ಅವಳ ಬಲಗೈಗೆ ಅಂಟಿತ್ತು. ಸೀರೆಯ ಅಂಚು ಬಲಗಾಲಿಗೆ ಅಂಟಿತ್ತು.

ಮೊದಲು ಬಸವಕಲ್ಯಾಣದ ಆಸ್ಪತ್ರೆ, ಅಲ್ಲಿಂದ ಬೀದರ್. ಒಂದೂವರೆ ತಿಂಗಳು ಅಲ್ಲಿದ್ದಳು. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದದ್ದೂ ಅಲ್ಲೇ. ಮನೆಗೆ ಬಂದಾಗ ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. ಕುಡುಗೋಲು ಹಿಡಿಯಲು ಹೋಗಿ ಬೀಳಿಸಿದಳು. ಎತ್ತಿ ಮತ್ತೆ ಹಿಡಿದು ನೋಡಿದಳು. ಆಮೇಲೆ ಅದನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋದಳು. ಬೆಂಕಿಯ ಬಗ್ಗೆ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆನೋ ಏನೋ. ಅವಳು ಬೈಯಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ.

ಮುಂದಿನ ವರ್ಷ ತೊಗರಿ ಬಡಿದ ಮೇಲೆ ಗುಡ್ಡೆಗೆ ಕಡ್ಡಿ ಗೀರಲು ನನ್ನಿಂದ ಆಗಲಿಲ್ಲ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಕಟ್ಟಿಗೆಯನ್ನು ಕಚಕಚ ಚೂರು ಮಾಡಿ ಉಗುಳುವ ಮಷಿನ್ ಇದೆ ಎಂದು ಫೋನಿನಲ್ಲಿ ನೋಡಿದೆ. ಚಿಪ್ಪರ್ ಎನ್ನುತ್ತಾರೆ. ಹುಮನಾಬಾದಿನ ಒಬ್ಬ ಅಂಗಡಿಯವನು ತರಿಸಿ ಮಾರುತ್ತಾನೆ ಎಂದು ತಿಳಿಯಿತು. ಅಕ್ಕನಿಗೆ ಹೇಳಿದೆ.

"ನನ್ನ ಸಲುವಾಗಿ ತರಾಕತ್ತಿದ್ರ ಬ್ಯಾಡ," ಎಂದಳು.

"ಹೊಲದ ಸಲುವಾಗಿ," ಎಂದೆ.

"ಹಂಗಾದ್ರ ನಾನೂ ನೋಡಾಕ ಬರ್ತೀನಿ."

ಬಸ್ಸಿನಲ್ಲಿ ಇಬ್ಬರೂ ಹೋದೆವು. ಅವಳು ಕಿಟಕಿಯ ಹತ್ತಿರ ಕೂತು, ದಾರಿಯುದ್ದಕ್ಕೂ ಯಾರ ಹೊಲದಲ್ಲಿ ಕಡಲೆ ಹೇಗೆ ಬಂದಿದೆ ಎಂದು ಹೇಳುತ್ತ ಬಂದಳು. ಬಹಳ ದಿನದ ಮೇಲೆ ಅಷ್ಟು ಮಾತಾಡಿದ್ದು. ಅಂಗಡಿ ಹೆದ್ದಾರಿಯ ಬದಿಗಿತ್ತು. ಅಂಗಡಿಯವನು ನಮ್ಮ ಟ್ರ್ಯಾಕ್ಟರಿನ ಶಕ್ತಿ ಎಷ್ಟು ಎಂದು ಕೇಳಿ, ಸಾಕಾಗುತ್ತದೆ ಎಂದ. ಅಂಗಡಿಯ ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟಿಗೆ ಮಷಿನ್ ಜೋಡಿಸಿ, ಮೊಣಕೈ ದಪ್ಪದ ಜಾಲಿಯ ಟೊಂಗೆಯೊಂದನ್ನು ಅದರ ಬಾಯಿಗಿಟ್ಟ. ಮಷಿನ್ ಟೊಂಗೆಯನ್ನು ತಾನಾಗಿಯೇ ಒಳಗೆ ಎಳೆದುಕೊಂಡಿತು. ಇನ್ನೊಂದು ಕಡೆ ಕೊಳವೆಯಿಂದ ಚೂರು ಹಾರಿ ಬಿತ್ತು. ಅಕ್ಕ ಬಗ್ಗಿ ಒಂದು ಹಿಡಿ ತೆಗೆದುಕೊಂಡು ಮೂಸಿ ನೋಡಿದಳು.

"ಬೇರಿನ ಮಣ್ಣು ಜಾಡಿಸಿ ಹಾಕ್ರಿ, ಇಲ್ಲಂದ್ರ ಬ್ಲೇಡು ಜಲ್ದಿ ಮೊಂಡಾಗ್ತಾವ," ಎಂದು ಅಂಗಡಿಯವನು ನನಗೆ ಹೇಳಿದ. ಆಮೇಲೆ ಅಕ್ಕನ ಕಡೆ ತಿರುಗಿದ. "ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ಈ ಶಾಫ್ಟಿನ ಬಾಜೂಕ ಸೀರಿ ಬರಬಾರ್ದು. ಸೆರಗು ಒಮ್ಮಿ ಹಿಡೀತಂದ್ರ ಬಿಡೂದಿಲ್ಲ."

"ಹಂಗಂದ್ರ ನಾ ಎಲ್ಲಿ ನಿಲ್ಲಬೇಕ್ರಿ?"

ಅವನು ಅಂಗಳದ ಆಚೆಗಿನ ಗೇಟು ತೋರಿಸಿದ. ಅಕ್ಕ ಕೈಯಲ್ಲಿದ್ದ ಚೂರನ್ನು ಅಲ್ಲೇ ಬಿಟ್ಟು ಹೋಗಿ ಗೇಟಿನ ಹತ್ತಿರ ನಿಂತಳು. ವ್ಯವಹಾರ ಮುಗಿಯುವ ತನಕ ಅಲ್ಲೇ ನಿಂತಿದ್ದಳು. ಬಿಸಿಲಿತ್ತು. ಈ ಕಡೆ ನೆರಳಿಗೆ ಬಾ ಎಂದು ಕರೆಯಬೇಕೆಂದು ನನಗೆ ಹೊಳೆಯಲಿಲ್ಲ.

ಮಷಿನ್ ಬಂದ ಮೇಲೆ ಮೊದಲ ದಿನ ನನ್ನ ಹೆಂಡತಿ ನನ್ನ ಹಳೆಯ ಪ್ಯಾಂಟು ಶರ್ಟು ಹಾಕಿಕೊಂಡು, ತಲೆಗೆ ಬಿಗಿಯಾಗಿ ವಸ್ತ್ರ ಕಟ್ಟಿಕೊಂಡು ಬಂದಳು. ಅಕ್ಕನಿಗೂ ಒಂದು ಜೊತೆ ತಂದಿದ್ದಳು.

"ಅಕ್ಕಾರ, ನೀವೂ ಹಾಕ್ಕೊಳ್ರಿ. ಹೊಲದಾಗ ಯಾರ್ ನೋಡ್ತಾರ?"

"ಈ ವಯಸ್ಸಿನಾಗ ನಾ ಪ್ಯಾಂಟ್ ಹಾಕ್ಲೇನು?" ಎಂದು ಅಕ್ಕ ನಕ್ಕಳು. ನಕ್ಕು, ಬಟ್ಟೆ ಮಡಚಿ ವಾಪಸು ಕೊಟ್ಟಳು.

ಹಗ್ಗ ಕಟ್ಟಿ ಒಂದು ಗೆರೆ ಮಾಡಿದೆ. ಮಷಿನ್ ನಡೆಯುವಾಗ ಅಕ್ಕ ಆ ಗೆರೆ ದಾಟಬಾರದು ಎಂದು ಹೇಳಿದೆ. ಒಣಗಿದ ತೊಗರಿ ಕಟ್ಟಿಗೆ ಒಳಗೆ ಹೋಗುವಾಗ ಕೈಗೆ ಜುಮ್ಮೆನ್ನುವ ನಡುಕ ಬರುತ್ತಿತ್ತು, ಧೂಳು ಎದ್ದು ಕಣ್ಣು ಕಾಣುತ್ತಿರಲಿಲ್ಲ. ಎರಡು ದಿನದಲ್ಲಿ ಅಷ್ಟೂ ಗುಡ್ಡೆ ಕರಗಿತು. ಒಂದು ಕಿಡಿ ಬೆಂಕಿ ಇಲ್ಲ, ಹೊಗೆ ಇಲ್ಲ. ನನಗೆ ಹೆಮ್ಮೆಯಾಗಿತ್ತು. ಸಂಜೆ ಮಷಿನ್ ನಿಲ್ಲಿಸಿ ಹತ್ತಿರ ಹೋದೆ. ಅಕ್ಕ ಗೆರೆಯಾಚೆ ಕೂತೇ ಇದ್ದಳು.

"ನಾ ಹೊಲಕ್ಕ ಬರೂದು ಯಾಕ, ತಮ್ಮಾ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೇ ಕೇಳಿದಳು.

ಕುಡುಗೋಲು ಅವಳ ಕೈ ಬಿಡುವಂತೆ ಮಾಡಿದವನು ನಾನು. ಕೆಲಸ ನಡೆಯುವ ಜಾಗದಿಂದ ಹೊರಗೆ ಕೂರಿಸಿದವನೂ ನಾನು. ತಪ್ಪು ತಿದ್ದಿಕೊಳ್ಳಲು ತಂದ ಮಷಿನ್ ಅವಳನ್ನು ಇನ್ನಷ್ಟು ದೂರ ತಳ್ಳಿದೆ ಎಂಬುದು ಆಗ ಅರ್ಥವಾಯಿತು. "ಈ ಚೂರು ಗಿಡದ ಬುಡಕ್ಕ ಹಾಕೂದು ಅದ. ಅದು ನಿನ್ನ ಕೆಲಸ," ಎಂದುಬಿಟ್ಟೆ. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದು.

ಅವಳು ಅದನ್ನು ಹಿಡಿದುಕೊಂಡಳು. ಹೊಲದ ಮೇಲಿನ ಭಾಗದಲ್ಲಿ ನಾವು ಸೀತಾಫಲದ ಸಸಿ ಹಾಕಿದ್ದೆವು. ಎಡಗೈಯಲ್ಲಿ ಬುಟ್ಟಿ ಸೊಂಟಕ್ಕೊತ್ತಿ ಹಿಡಿದು, ಸಸಿಯ ಹತ್ತಿರ ಸುರುವಿ, ಕಾಲಿನಿಂದ ಹರಡುತ್ತಿದ್ದಳು. ಕೆಲವು ದಿನದಲ್ಲಿ ಎರಡು ಸಸಿಗಳ ಬುಡಕ್ಕೆ ಗೆದ್ದಲು ಹತ್ತಿದ್ದನ್ನು ಕಂಡಳು. ಚೂರು ಕಾಂಡಕ್ಕೆ ತಾಗಬಾರದು ಎಂದು ತಾನೇ ತಿಳಿದುಕೊಂಡು, ಪ್ರತಿ ಸಸಿಯ ಸುತ್ತ ಒಂದು ಗೇಣು ಜಾಗ ಬಿಟ್ಟು ಮತ್ತೆ ಹರಡಿದಳು. ನನ್ನ ಹೆಂಡತಿಗೆ ಕರೆದು ತೋರಿಸಿದಳು. ಬೇಸಿಗೆಯಲ್ಲಿ ಚೂರಿನ ಕೆಳಗೆ ಕೈ ಹಾಕಿ, "ನೋಡು, ಇನ್ನಾ ತಂಪದ," ಎನ್ನುತ್ತಿದ್ದಳು. ಆ ಒಂದು ವರ್ಷ ಅವಳು ಚೆನ್ನಾಗಿದ್ದಳು ಎಂದೇ ನನ್ನ ನಂಬಿಕೆ.

ಎರಡನೆಯ ವರ್ಷ ತೊಗರಿ ಕಟ್ಟಿಗೆ ಕಡಿಮೆಯಿತ್ತು, ಅವಳ ಸಸಿಗಳಿಗೆ ಸಾಲುತ್ತಿರಲಿಲ್ಲ. ನಾನು ಬದುವಿನ ಜಾಲಿ ಕಡಿದು ಅದನ್ನೂ ಮಷಿನ್ನಿಗೆ ಹಾಕಿದೆ. ಮುಳ್ಳು ಪುಡಿಯಾಗುತ್ತದೆ ಎಂದುಕೊಂಡಿದ್ದೆ. ಬಹಳಷ್ಟು ಆಗಿತ್ತು, ಎಲ್ಲವೂ ಆಗಿರಲಿಲ್ಲ. ಚಪ್ಪಲಿ ಹಾಕಿಕೋ ಎಂದು ಹೇಳಿದ್ದೆ. ಚಪ್ಪಲಿಯ ಪಟ್ಟಿ ಸುಟ್ಟ ಚರ್ಮಕ್ಕೆ ತಿಕ್ಕಿ ಉರಿಯುತ್ತದೆ ಎಂದು ಅವಳು ಬಿಟ್ಟಿದ್ದಳು. ನಾನು ಮತ್ತೆ ಹೇಳಲಿಲ್ಲ. ಆ ಕಾಲಿನ ಅಡಿಗೆ ಸ್ಪರ್ಶವೇ ಉಳಿದಿರಲಿಲ್ಲ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿದ್ದಂತಿಲ್ಲ. ಅದರಲ್ಲಿ ಮುಳ್ಳು ಯಾವಾಗ ಹೊಕ್ಕು ಮುರಿಯಿತೋ. ಒಂದು ದಿನ ಅಂಗಳ ಸಾರಿಸುವಾಗ ನನ್ನ ಹೆಂಡತಿ ನೆಲದ ಮೇಲೆ ಒದ್ದೆ ಹೆಜ್ಜೆ ನೋಡಿದಳು. ನೀರಲ್ಲ, ಕೀವು.

ಬೀದರಿನ ಡಾಕ್ಟರು ಮೊದಲು ಕಾಲಿನ ಎರಡು ಬೆರಳು ತೆಗೆದರು. ಆಮೇಲೆ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು ಎಂದರು. ಅಕ್ಕ ಕೇಳಿಕೊಂಡಳು, ತಲೆ ಅಲ್ಲಾಡಿಸಿದಳು, ಹೆಬ್ಬೆಟ್ಟು ಒತ್ತಿದಳು.

ಮರುದಿನ ಮಧ್ಯಾಹ್ನ ವಾರ್ಡಿನಲ್ಲಿ ನಾವಿಬ್ಬರೇ ಇದ್ದೆವು. ಅವಳು ಗೋಡೆಗೆ ಒರಗಿ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಬೆಂಕಿ ಹಚ್ಚಿದಾವ ನಾ. ಜಾಲಿ ಹಾಕಿದಾವನೂ ನಾ," ಎಂದೆ.

ಅವಳು ನನ್ನ ಕಡೆ ತಿರುಗಿದಳು.

"ಹೌದು. ಸಂಜಿಮುಂದ ಹಚ್ಚು ಅಂದಿದ್ದೆ. ನೀ ಕೇಳಲಿಲ್ಲ," ಎಂದಳು. ಸ್ವಲ್ಪ ಬಿಟ್ಟು, "ಜಾಲಿದು ನನಗೂ ಕಾಣ್ತಿತ್ತು. ಅದು ಇಬ್ಬರದೂ ಅದ," ಎಂದಳು.

ನಾನು ಅಳುತ್ತಿದ್ದೆ. ಅವಳು, "ಊಟ ಮಾಡೀ ಏನ?" ಎಂದು ಕೇಳಿದಳು. ಇಲ್ಲ ಎಂದೆ. "ಹೋಗಿ ಮಾಡಿ ಬಾ. ಬರೋ ಮುಂದ ನನಗ ಒಂದು ಮೋಸಂಬಿ ತಗೊಂಡು ಬಾ," ಎಂದಳು. ತಂದೆ. ಸುಲಿದು ಕೊಟ್ಟೆ. ಅರ್ಧ ತಿಂದು ಅರ್ಧ ನನಗೆ ಕೊಟ್ಟಳು.

ಕಾಲು ತೆಗೆದ ಹನ್ನೆರಡನೆಯ ದಿನ ನಂಜು ರಕ್ತಕ್ಕೆ ಹತ್ತಿ ಹೋದಳು. ಊರಿಗೆ ತಂದು ಹೊಲದಲ್ಲೇ, ಅಪ್ಪ ಅವ್ವನ ಪಕ್ಕದಲ್ಲಿ ಮಣ್ಣು ಮಾಡಿದೆವು. ಆಗ ಮುಂಗಾರಿನ ಉದ್ದು ಹೂವಿಗೆ ಬಂದಿತ್ತು.

ಆ ವರ್ಷದ ತೊಗರಿ ಕಟ್ಟಿಗೆ ಒಟ್ಟಿದಲ್ಲೇ ಉಳಿಯಿತು. ಮಷಿನ್ನಿನ ಮೇಲೆ ತಾಡಪತ್ರಿ ಹೊದಿಸಿದ್ದೆ. ಅದನ್ನು ಮಾರಿಬಿಡೋಣ ಎಂದೂ ಒಮ್ಮೆ ಯೋಚಿಸಿದೆ, ಯಾರಿಗೂ ಹೇಳಲಿಲ್ಲ. ಅಕ್ಕಪಕ್ಕದ ಹೊಲಗಳಲ್ಲಿ ಹೊಗೆ ಏಳುವ ದಿನಗಳಲ್ಲಿ ನಾನು ಹೊಲಕ್ಕೇ ಹೋಗುತ್ತಿರಲಿಲ್ಲ. ಮುಂದಿನ ವರ್ಷದ ಕಟ್ಟಿಗೆಯೂ ಅದರ ಮೇಲೆ ಬಿತ್ತು. ಗುಡ್ಡೆಯಲ್ಲಿ ಹಾವು ಕಾಣಿಸಿತು. ಅವತ್ತು ನನ್ನ ಹೆಂಡತಿ ಎದುರಿಗೆ ಬಂದು ನಿಂತಳು.

"ಹಿಂಗ ಎಷ್ಟ್ ದಿನಾರಿ? ಬೆಂಕಿ ಹಚ್ಚೂದಾ, ಮಷಿನ್ ಚಾಲೂ ಮಾಡೂದಾ? ಎರಡರಾಗ ಒಂದು ಹೇಳ್ರಿ."

ಅವಳು ಒಳಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬಂದು, ತಾಡಪತ್ರಿ ಎಳೆದು ಹಾಕಿ, ಟ್ರ್ಯಾಕ್ಟರ್ ಹತ್ತಿದಳು. ಓಡಿಸುವುದನ್ನು ಯಾವಾಗ ಕಲಿತಿದ್ದಳೋ, ಹಿಂದಕ್ಕೆ ತಂದು ಮಷಿನ್ನಿನ ಮುಂದೆ ಸರಿಯಾಗಿ ನಿಲ್ಲಿಸಿದಳು. ನಾನು ಶಾಫ್ಟು ಜೋಡಿಸಿದೆ. ಹೊಲಕ್ಕೆ ಹೋಗಿ ಮಧ್ಯಾಹ್ನದ ತನಕ ಕಟ್ಟಿಗೆ ಹಾಕಿದೆವು. ಕೆಳಗಿನ ಕಟ್ಟಿಗೆ ಗೆದ್ದಲು ತಿಂದು ಟೊಳ್ಳಾಗಿತ್ತು, ಒಳಗೆ ಹಾಕುತ್ತಲೇ ಹಿಟ್ಟಾಗಿ ಹೋಗುತ್ತಿತ್ತು. ಆಮೇಲೆ ಅವಳು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಸಸಿಗಳ ಬುಡಕ್ಕೆ ಹಾಕುತ್ತ ಹೋದೆವು. ನಾನು ಕಾಂಡಕ್ಕೆ ತಾಗುವಂತೆ ಸುರುವಿದ್ದನ್ನು ಅವಳು ಬಂದು ಕೈಯಿಂದ ಸರಿಸಿದಳು. ಕತ್ತಲಾಗುವ ಮುಂಚೆ ಮುಗಿಯಲಿಲ್ಲ. ಉಳಿದ ಎರಡು ಸಾಲನ್ನು ಮರುದಿನ ಮುಗಿಸಿದೆವು.

ಈಗ ಸುತ್ತಿನ ಹೊಲದವರು ಕೆಲವರು ಮಷಿನ್ ಕೇಳಿಕೊಂಡು ಬರುತ್ತಾರೆ. ಕೊಟ್ಟು ಕಳಿಸುವುದಿಲ್ಲ, ನಾನೇ ಹೋಗುತ್ತೇನೆ. ಜಾಲಿ ಹಾಕುವುದಿಲ್ಲ. ಇದನ್ನು ಯಾಕೆ ತಂದಿರಿ ಎಂದು ಕೇಳಿದರೆ, ಮೊದಲು, ಭೂಮಿಗೆ ಒಳ್ಳೆಯದು ಎಂದು ಹೇಳುತ್ತಿದ್ದೆ. ಹೋದ ವರ್ಷದಿಂದ ಹಾಗೆ ಹೇಳುವುದು ಬಿಟ್ಟಿದ್ದೇನೆ. ಗಾಳಿ ಇದೆ ಎಂದು ಅಕ್ಕ ಹೇಳಿದರೂ ಕೇಳದೆ ಬೆಂಕಿ ಹಚ್ಚಿದೆ, ಅದಕ್ಕೇ ಇದನ್ನು ತಂದದ್ದು ಎನ್ನುತ್ತೇನೆ. ಕೆಲವರು ಹಣೆಬರಹ ಎನ್ನುತ್ತಾರೆ. ಕೆಲವರು ಕಟ್ಟಿಗೆ ಎತ್ತಿ ಕೊಡುತ್ತಾರೆ. ನಾನು ತೆಗೆದುಕೊಂಡು ಮಷಿನ್ನಿನ ಬಾಯಿಗೆ ಇಡುತ್ತೇನೆ.