ತಿರುಗಿ ಹೇಳಿದ ಪುಟ

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದುತ್ತೇನೆ, ಪುಟ ತಿರುವಿದರೆ ಹಿಂದಿನದು ಮರೆತಿರುತ್ತದೆ. ಚಿನ್ನದ ಗಣಿಯ ಧೂಳಿಗೆ ಗಂಡನ ಎದೆ ಕೆಟ್ಟಾಗ ಬಂಗಾರಪೇಟೆಯ ನರ್ಸಮ್ಮ ಒಬ್ಬಳು ಪುಸ್ತಕ ಕೊಟ್ಟಳು. ಉಸಿರು ಕಟ್ಟುವವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ ಅಂತ ಅದರಲ್ಲಿತ್ತು. ಈ ಕಾಯಿಲೆ ವಾಸಿಯಾಗುವುದಿಲ್ಲ ಅಂತಲೂ ಇತ್ತು. ಅದು ಮೊದಲನೇ ಪುಟ, ಮರೆಯಲಿಲ್ಲ.

ಊರಿಗಾಂನಲ್ಲಿ ಗಣಿ ಆಳುಗಳ ಸಾಲುಮನೆ, ನಮ್ಮ ಲೈನ್ ಮನೆಯ ಬಾಗಿಲಲ್ಲಿ ಕೂತು ಜೋರಾಗಿ ಓದುತ್ತಿದ್ದೆ. ಮಂಚದ ಮೇಲಿಂದ ಗಂಡ ಅಂದರು, "ಪುಸ್ತಕ ಮುಚ್ಚು. ಈಗ ಯೋಳು."

"ಏನ ಯೋಳ್ಲಿ? ಈಗ್ತಾನೆ ಕೇಳಿದ್ರಲ್ಲಾ."

"ಅದು ಪುಸ್ತಕ ಯೋಳಿದ್ದು. ನೀನು ನಿನ್ ಮಾತಲ್ಲಿ ಯೋಳು."

ಕೇಜೆಂಬ ಕಬ್ಬಿಣದ ಪಂಜರದಲ್ಲಿ ಗಣಿಗೆ ಇಳಿಯುವ ಮುಂಚೆ ಅವರ ಮೇಸ್ತ್ರಿ ಹೇಳಿದ್ದನ್ನು ಪ್ರತಿಯೊಬ್ಬ ಆಳೂ ತಿರುಗಿ ಹೇಳಬೇಕಿತ್ತಂತೆ, ತಮಿಳೋ ತೆಲುಗೋ ಕನ್ನಡವೋ ತನ್ನ ಮಾತಿನಲ್ಲಿ. ಹೇಳಲಾರದವನು ಇಳಿಯುವಂತಿಲ್ಲ. ಮನೆಯಲ್ಲೂ ಅದೇ ಕಾನೂನಾಯಿತು. ತಡವರಿಸಿದರೆ, "ನೀನು ಮೇಲೇ ಇರು, ಕೇಜು ಓಯ್ತು" ಅಂತ ನಗುತ್ತಿದ್ದರು. ನಕ್ಕರೆ ಕೆಮ್ಮು.

ಒಂದು ಪುಟದಲ್ಲಿ ಹೀಗಿತ್ತು: ಉಸಿರಿಗೆ ಒದ್ದಾಡುವವರನ್ನು ಮಲಗಿಸಬೇಡಿ, ಬಾಯಿಗೆ ನೀರು ಹಾಕಬೇಡಿ, ಮುಂದಕ್ಕೆ ಒರಗಿಸಿ ಕೂರಿಸಿ. ನಾನು ಒಪ್ಪಿಸಿದೆ. ಆ ದಿನ ಅವರೂ ತಿರುಗಿ ಹೇಳಿದರು. "ನೆನಪಿರ್ಲಿ ಕಣೇ. ನಮ್ಮೋರು ಬಿಡಲ್ಲ."

ನಮ್ಮವರಲ್ಲಿ ಪ್ರಾಣ ಹೋಗುವಾಗ ಚಾಪೆಗೆ ಇಳಿಸಿ ಬಾಯಿಗೆ ನೀರು ಬಿಡುತ್ತಾರೆ. ಅವರಿಗೆ ಉಸಿರು ಕಟ್ಟಿದ ಬೆಳಿಗ್ಗೆ ಅಂಬುಲೆನ್ಸಿಗೆ ಫೋನ್ ಮಾಡಿ, ಗಂಡನನ್ನು ಕೂರಿಸಿ, ಸ್ಟೂಲಿನ ಮೇಲೆ ದಿಂಬಿಟ್ಟು ಒರಗಿಸಿದ್ದೆ. ನೋಡಲು ಬಂದು ನಮ್ಮಲ್ಲೇ ಉಳಿದಿದ್ದ ಅವರ ಅಕ್ಕ ಚೊಂಬು ತಂದರು.

"ಕೆಳಕ್ಕೆ ಇಳಿಸಮ್ಮಿ, ನೀರು ಬಿಡ್ತೀನಿ."

"ಬ್ಯಾಡಕ್ಕ. ನೀರು ಉಸಿರಿಗೆ ಓಯ್ತದೆ."

"ನಿನ್ ಬುಕ್ಕು ಯೋಳ್ತಾ?"

"ನಿಮ್ ತಮ್ಮನೂ ಯೋಳವ್ರೆ."

ಗಂಡ ತಲೆ ಎತ್ತದೆ ಬೇಡ ಅಂತ ಕೈ ಆಡಿಸಿದರು. ಅಕ್ಕನಿಗೆ ಅದು ನೀರು ಕೇಳಿದಂತೆ ಕಂಡಿತು. ನಾನು ಚೊಂಬು ಕಿತ್ತುಕೊಂಡೆ.

ಅಂಬುಲೆನ್ಸ್ ಬರುವ ಮುಂಚೆ ಕೂತಲ್ಲೇ ಹೋದರು. ಉಳಿಸುತ್ತೇನೆ ಅಂತ ಪುಸ್ತಕ ಎಲ್ಲೂ ಹೇಳಿರಲಿಲ್ಲ. ತಮ್ಮನಿಗೆ ಕೊನೇ ನೀರು ಬಿಡಲು ಬಿಡಲಿಲ್ಲ ಅಂತ ಅಕ್ಕ ಲೈನಿನವರಿಗೆಲ್ಲ ಹೇಳಿ, ತಿಥಿಯ ಊಟ ಮುಟ್ಟದೆ ಬಸ್ಸು ಹತ್ತಿದರು. ಮತ್ತೆ ಬಂದಿಲ್ಲ.

ಈಗ ನನಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು. ನರ್ಸಮ್ಮ ಅದರ ಪುಸ್ತಕವನ್ನೂ ಕೊಟ್ಟಿದ್ದಾಳೆ. ಓದಿ, ಮುಚ್ಚಿ, ಖಾಲಿ ಮಂಚದ ಕಡೆ ತಿರುಗಿ ಹೇಳುತ್ತೇನೆ. ತಪ್ಪಿದರೆ ಹಿಡಿಯುವವರಿಲ್ಲ. ಕಾಲಿನ ಪುಟ ಇನ್ನೂ ತಲೆಯಲ್ಲಿ ನಿಂತಿಲ್ಲ.