ಅಕ್ವೇಂಟ್ ಕಲಿಸಿದ ಮೇಷ್ಟ್ರು

ಎರಡು ಸಲ ಸೀನದೆ ಪುಟ್ಟಸ್ವಾಮಿ ಮೇಷ್ಟ್ರು ಪಾಠ ಶುರು ಮಾಡಿದ್ದೇ ಇಲ್ಲ. ಮಂಡಿ ಮೊಹಲ್ಲಾದ ಮೆಣಸಿನಕಾಯಿ ಅಂಗಡಿಯ ಮೇಲಿನ ಒಂದೇ ಕೋಣೆ. ಅವರ ಮನೆಯೂ ಅದೇ, ಇಂಗ್ಲಿಷ್ ಕ್ಲಾಸೂ ಅದೇ. ಘಾಟಿಗೆ ನಾವು ಮೂಗು ಮುಚ್ಚಿಕೊಂಡರೆ ಅವರು ಸೀನಿ, ಕನ್ನಡಕ ಒರೆಸಿ, "ಹ್ಞಾಂ, ಈಗ ತಲೆ ತೆರೀತು" ಅನ್ನುತ್ತಿದ್ದರು.

ಅವರದೊಂದು ವಿಚಿತ್ರ ಕಾನೂನು. ಯಾವ ಕ್ರಿಯಾಪದವನ್ನೂ ಮಾಡಿ ನೋಡದೆ ಬರೆಯುವಂತಿಲ್ಲ. 'ಪೀಲ್' ಕಲಿಸಿದ ದಿನ ಎಲ್ಲರ ಕೈಯಲ್ಲೂ ಕಿತ್ತಳೆ ಸುಲಿಸಿದ್ದರು. ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ನನ್ನ ಹೋಟೆಲ್ ರಿಸೆಪ್ಷನ್ ಕೆಲಸದ ಇಂಟರ್‌ವ್ಯೂ ಹತ್ತಿರ ಬಂದಾಗ 'ಅಕ್ವೇಂಟ್' ವಕ್ಕರಿಸಿತು.

"ಪರಿಚಯ ಮಾಡಿಕೊಳ್ಳೋದು" ಎಂದು ಥಟ್ಟನೆ ಅರ್ಥ ಹೇಳಿದೆ.

"ಅರ್ಥ ಡಿಕ್ಷನರೀಲೂ ಐತೆ ಕಣಮ್ಮ. ಕೆಳಗಿನ ಅಂಗಡಿ ಸಾಹೇಬ್ರನ್ನ ದಿನಾ ದಾಟ್ಕೊಂಡು ಬರ್ತೀಯ. ಅವ್ರನ್ನ ಅಕ್ವೇಂಟ್ ಮಾಡ್ಕೊಂಡು ಬಂದು ಮೂರು ವಾಕ್ಯ ಬರಿ."

ನನಗೆಲ್ಲಿತ್ತು ಪುರುಸೊತ್ತು! ಕೂತಲ್ಲೇ ಮೂರು ವಾಕ್ಯ ಹೊಸೆದುಕೊಟ್ಟೆ: ಸಾಹೇಬರಿಗೆ ಇಬ್ಬರು ಮಕ್ಕಳು, ಬಿರಿಯಾನಿ ಇಷ್ಟ, ಕ್ರಿಕೆಟ್ ನೋಡುತ್ತಾರೆ. ಮೇಷ್ಟ್ರು ಆ ಹಾಳೆ ಹಿಡಿದು ಮೆಟ್ಟಿಲಿಳಿದು ಸಾಹೇಬರನ್ನೇ ವಿಚಾರಿಸಿಕೊಂಡು ಬಂದರು. "ಮಕ್ಳೇ ಇಲ್ವಂತೆ. ಯಾರ್ ಮಕ್ಳನ್ನ ತಂದು ಅವ್ರಿಗೆ ಕಟ್ಬುಟ್ಟೆ?" ಕ್ಲಾಸೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು.

"ಸರ್, ಸೋಮವಾರ ಇಂಟರ್‌ವ್ಯೂ. ಬೇರೆ ಕಡೆ ಇಷ್ಟೊತ್ತಿಗೆ ಅರ್ಧ ಪುಸ್ತಕ ಮುಗಿಸಿರ್ತಾರೆ!"

"ಹೋಟೆಲ್‌ಗೆ ಬಂದೋರ ಹೆಸ್ರು ಬರ್ಕೊಂಡು ಬೀಗದಕೈ ಕೊಟ್ರೆ ಪರಿಚಯ ಆಗೋಯ್ತಾ? ಓಗು, ಕೆಳಕ್ಕೋಗು."

ಹಲ್ಲು ಕಚ್ಚಿಕೊಂಡು ಹೋಗಿ ಮೂಟೆಯ ಮೇಲೆ ಕುಳಿತೆ. ಸಾಹೇಬರಿಗೆ ಎಷ್ಟೋ ವರ್ಷದಿಂದ ಮೂಗಿಗೆ ವಾಸನೆಯಾಗಲಿ ಘಾಟಾಗಲಿ ತಿಳಿಯುವುದಿಲ್ಲವಂತೆ. ಹೊಸ ಮಾಲು ಬಿಚ್ಚಿದಾಗ ಮೇಲಿನಿಂದ ಮೇಷ್ಟ್ರ ಸೀನು ಎಷ್ಟು ಜೋರಾಗಿ ಕೇಳಿಸಿತು ಎಂಬುದೇ ಅವರಿಗೆ ಖಾರದ ಲೆಕ್ಕ. ನಗು ಬಂತು, ಆದರೂ ಸಿಟ್ಟು ಇಳಿಯಲಿಲ್ಲ.

ಇಂಟರ್‌ವ್ಯೂನಲ್ಲಿ ಆ ಪದವನ್ನು ಯಾರೂ ಕೇಳಲಿಲ್ಲ. ಕೆಲಸವೇನೋ ಸಿಕ್ಕಿತು, ಸುಮ್ಮನೆ ಸತಾಯಿಸಿದರಲ್ಲ ಎಂಬ ಕೋಪಕ್ಕೆ ಮೇಷ್ಟ್ರಿಗೆ ತಿಳಿಸಲೂ ಹೋಗಲಿಲ್ಲ.

ಕೊನೆಗೆ ಅವರನ್ನು ನೋಡಲು ಹೋದದ್ದು ಕಳೆದ ತಿಂಗಳು. ಕೋಣೆಗೆ ಬೀಗ. ಕೆಳಗೆ ಸಾಹೇಬರು ನನ್ನನ್ನು ಕೂರಿಸಿದರು. "ಮೇಷ್ಟ್ರು ಹೋಗ್ಬಿಟ್ರಮ್ಮ. ಎದೆನೋವು ಅಂದ್ರು, ಆಸ್ಪತ್ರೆಗೆ ಸೇರಿಸ್ದೆ, ಎರಡೇ ದಿನ." ಡ್ರಾಯರಿನಿಂದ ಅವರ ಕನ್ನಡಕ ತೆಗೆದರು. "ಇದನ್ನ ಅವ್ರ ಕಡೆಯವ್ರಿಗೆ ಮುಟ್ಟಿಸ್ಬೇಕು. ನಾನು ಕೇಳಿದಾಗೆಲ್ಲ ಮಾತು ಮರೆಸ್ಬಿಡ್ತಿದ್ರು. ನೀವು ಆರು ತಿಂಗಳು ಎದುರಿಗೇ ಕೂತಿದ್ರಲ್ಲ. ಅವ್ರ ಊರು ಯಾವುದು? ಯಾರಿದಾರೆ ಅವ್ರಿಗೆ?"

ಸಾಹೇಬರ ಬಗ್ಗೆ ಮೂರು ವಾಕ್ಯ ಇವತ್ತಿಗೂ ತಪ್ಪಿಲ್ಲದೆ ಬರೆದೇನು. ಮೇಷ್ಟ್ರ ಬಗ್ಗೆ ಒಂದಕ್ಕೂ ಗತಿಯಿರಲಿಲ್ಲ.

ಈಗಲೂ ಸಿಟ್ಟು ಬರುತ್ತದೆ. ನನ್ನನ್ನು ಕೆಳಕ್ಕೆ ಅಟ್ಟಿದ ಮನುಷ್ಯ, 'ನನ್ನನ್ನೂ ಕೇಳು' ಎಂದು ಒಂದು ಮಾತು ಅನ್ನಬಾರದಿತ್ತೇ? ಅವರು ಅನ್ನದಿದ್ದರೆ ಹೋಗಲಿ, ನನಗೆ ಕೇಳಬೇಕು ಅನ್ನಿಸಬಾರದಿತ್ತೇ? ಅವತ್ತು ಸಾಹೇಬರು ಕನ್ನಡಕವನ್ನು ಮತ್ತೆ ಡ್ರಾಯರಿನಲ್ಲಿಟ್ಟರು.